ಒಂದು ಅಂಗುಲ ನೀರು

ಎದೆರೋಗದ ವಾರ್ಡಿನಲ್ಲಿ ಕೆಲವು ಮಂಚಗಳ ಕೆಳಗೆ ಒಂದೊಂದು ಬಾಟಲಿ ಇರುತ್ತದೆ. ರೋಗಿಯ ಪಕ್ಕೆಯಿಂದ ಹೊರಟ ನಳಿಕೆ ಮಂಚದ ಅಂಚು ದಾಟಿ, ಕೆಳಗಿಳಿದು, ಆ ಬಾಟಲಿಯ ಮುಚ್ಚಳದೊಳಗೆ ಹೊಗುತ್ತದೆ. ಬಾಟಲಿಯಲ್ಲಿ ಶುದ್ಧೀಕರಿಸಿದ ನೀರು. ನಳಿಕೆಯ ತುದಿ ಆ ನೀರಿನಲ್ಲಿ ಎರಡು ಸೆಂಟಿಮೀಟರಿನಷ್ಟು ಮುಳುಗಿರುತ್ತದೆ. ನಮ್ಮ ಹಳೆಯ ಲೆಕ್ಕದಲ್ಲಿ ಸುಮಾರು ಒಂದು ಅಂಗುಲ. ರೋಗಿ ಉಸಿರೆಳೆದಾಗ ನಳಿಕೆಯೊಳಗೆ ನೀರು ತುಸು ಏರುತ್ತದೆ. ಉಸಿರು ಬಿಟ್ಟಾಗ ಇಳಿಯುತ್ತದೆ. ಮಂಚದ ಮೇಲಿನ ಉಸಿರು ಮಂಚದ ಕೆಳಗೆ ಕಣ್ಣಿಗೆ ಕಾಣುತ್ತದೆ. ಕೀವು ಆ ದಾರಿಯಲ್ಲಿ ಹೊರಬರಬಹುದು, ಒಳಗೆ ಸೇರಿಕೊಂಡ ಗಾಳಿಯೂ ಗುಳ್ಳೆಗಳಾಗಿ ಹೊರಬರಬಹುದು. ಹೊರಗಿನ ಗಾಳಿ ಮಾತ್ರ ಒಳಗೆ ಹೋಗಲಾರದು. ಕಾವಲಿಗೆ ಇರುವುದು ಅಷ್ಟೇ ನೀರು.

ಕಾಲಿನ ಮೇಲೆ ಕುರುವಾದರೆ ಇಷ್ಟೊಂದು ಏರ್ಪಾಡು ಬೇಕಿಲ್ಲ. ಹಣ್ಣಾಗುವವರೆಗೆ ಕಾದು, ಸೀಳಿ, ಕೀವು ತೆಗೆದು, ಗಾಯವನ್ನು ತೆರೆದಿಟ್ಟರೆ ಅದು ತಳದಿಂದ ತುಂಬಿಕೊಂಡು ಮಾಯುತ್ತದೆ. ಎದೆಗೆ ಈ ನ್ಯಾಯ ಅನ್ವಯಿಸದು. ಎದೆಗೂಡಿನ ಒಳಮೈಗೂ ಶ್ವಾಸಕೋಶದ ಹೊರಮೈಗೂ ನಡುವೆ ತೇವವಾದ ಎರಡು ತೆಳುಪೊರೆಗಳಿವೆ. ಅವುಗಳ ನಡುವಣ ಒತ್ತಡ ಹೊರಗಿನ ವಾಯುವಿನ ಒತ್ತಡಕ್ಕಿಂತ ತುಸು ಕಡಿಮೆ. ಆ ಕೊರತೆಯೇ ಶ್ವಾಸಕೋಶವನ್ನು ಅರಳಿಸಿ ಹಿಡಿದಿದೆ. ನಾವು ಪೂರ್ಣತೆಯಿಂದ ಬದುಕಿದ್ದೇವೆ ಎಂದುಕೊಳ್ಳುತ್ತೇವೆ. ನಮ್ಮ ಪ್ರತಿಯೊಂದು ಉಸಿರೂ ಒಂದು ಕೊರತೆಯ ಕೃಪೆ. ಎದೆಯ ಗೋಡೆಯನ್ನು ವಿವೇಚನೆಯಿಲ್ಲದೆ ತೆರೆದರೆ ಗಾಳಿ ಆ ಜಾಗಕ್ಕೆ ನುಗ್ಗುತ್ತದೆ, ಅರಳಿದ್ದ ಶ್ವಾಸಕೋಶ ಮುದುಡುತ್ತದೆ. ಒಳಗಿನದು ಹೊರಬರಬೇಕು, ಹೊರಗಿನದು ಒಳಬರಬಾರದು. ಇಂಥ ಬಾಗಿಲನ್ನು ಮಾಡುವುದು ಹೇಗೆ ಎಂದು ವೈದ್ಯಲೋಕ ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಯೋಚಿಸಿತು.

ಶ್ವಾಸಕೋಶದೊಳಗೆ ಕೀವು ಕಟ್ಟುವ ಬಗೆಯನ್ನು ತಿಳಿದರೆ ಮನಸ್ಸು ಮೃದುವಾಗುತ್ತದೆ. ಬಹುಪಾಲು ಅದು ಹೊರಗಿನ ಶತ್ರುವಿನ ದಾಳಿಯಲ್ಲ. ನಮ್ಮದೇ ಬಾಯಿಯ ಎಂಜಲು, ನಮ್ಮದೇ ಹಲ್ಲಿನ ಸಂದಿಯ ಸೂಕ್ಷ್ಮಜೀವಿಗಳು ಎಚ್ಚರ ತಪ್ಪಿದ ವೇಳೆಯಲ್ಲಿ ದಾರಿ ತಪ್ಪಿ ಉಸಿರಿನ ಕೊಳವೆಗೆ ಇಳಿಯುತ್ತವೆ. ಅಮಲು, ಮೂರ್ಛೆ, ಅಪಸ್ಮಾರ, ನುಂಗುವ ಶಕ್ತಿ ಕುಂದಿದ ಪಾರ್ಶ್ವವಾಯು, ಇವೆಲ್ಲ ಆ ವೇಳೆಗೆ ಬಾಗಿಲು ತೆರೆದುಕೊಡುತ್ತವೆ. ಬಲಗಡೆಯ ಶ್ವಾಸನಾಳ ಎಡಗಡೆಯದಕ್ಕಿಂತ ಅಗಲ, ಹೆಚ್ಚು ನೆಟ್ಟಗೆ. ಆದ್ದರಿಂದ ಜಾರಿದ್ದು ಬಲಕ್ಕೇ ಹೆಚ್ಚಾಗಿ ಜಾರುತ್ತದೆ. ಅಂಗಾತ ಮಲಗಿದವನಲ್ಲಿ ಅದು ಬೆನ್ನಿನ ಕಡೆಯ ಭಾಗಗಳಲ್ಲಿ ತಂಗುತ್ತದೆ. ಗುರುತ್ವಕ್ಕೆ ಪಕ್ಷಪಾತವಿಲ್ಲ. ಹಾಗೆಂದು ಎಚ್ಚರವಿರುವವರು ಇದರಿಂದ ಮುಕ್ತರೆಂದು ಭಾವಿಸಬೇಕಾಗಿಲ್ಲ. ಗಾಢನಿದ್ರೆಯಲ್ಲಿ ಆರೋಗ್ಯವಂತರ ಗಂಟಲಿನಿಂದಲೂ ಒಂದಿಷ್ಟು ಎಂಜಲು ಕೆಳಗಿಳಿಯುವುದುಂಟು. ಕೆಮ್ಮು ಅದನ್ನು ಮೇಲಕ್ಕೆ ತಳ್ಳುತ್ತದೆ, ನಾಳದ ಒಳಮೈಯ ಸೂಕ್ಷ್ಮ ರೋಮಗಳು ಗುಡಿಸಿ ಹಾಕುತ್ತವೆ, ಬೆಳಗಾಗುವಷ್ಟರಲ್ಲಿ ನಮಗೆ ಯಾವ ನೆನಪೂ ಉಳಿದಿರುವುದಿಲ್ಲ. ಕಲ್ಮಷ ಒಳಗಿಳಿಯದ ಎದೆ ಇಲ್ಲ. ಇಳಿದದ್ದು ಹೊರಹೋಗುವ ದಾರಿ ಕೆಲವರಲ್ಲಿ ಕೆಲವು ಕಾಲ ಸೋಲುತ್ತದೆ, ವ್ಯತ್ಯಾಸ ಇಷ್ಟೇ.

ಸೋತಾಗ ದೇಹ ಸುಮ್ಮನಿರುವುದಿಲ್ಲ. ಕೊಳೆಯುತ್ತಿರುವ ಭಾಗದ ಸುತ್ತ ಒಂದು ಗೋಡೆ ಕಟ್ಟುತ್ತದೆ. ಆ ಗೋಡೆಯನ್ನು ನಾವು ರೋಗವೆಂದು ಕರೆಯುತ್ತೇವೆ. ಅದು ಉಳಿದ ಅಂಗವನ್ನು ಕಾಪಾಡಲು ಎದ್ದ ರಕ್ಷಣೆ. ಆದರೆ ರಕ್ಷಣೆಗೂ ಒಂದು ಬೆಲೆಯಿದೆ. ಗೋಡೆ ದಪ್ಪವಾದಷ್ಟೂ ವಿಷ ಹೊರಗೆ ಹರಡದು, ಔಷಧವೂ ಒಳಗೆ ಸೇರದು. ಒಳಗೆ ಕೀವು, ಹೊರಗೆ ಬಿಡದ ಜ್ವರ, ಇಳಿಯುತ್ತಿರುವ ತೂಕ, ರಾತ್ರಿಯ ಬೆವರು. ಎಷ್ಟೋ ಸಲ ಆ ಕುರು ತಾನಾಗಿ ಒಂದು ಶ್ವಾಸನಾಳಕ್ಕೆ ಒಡೆಯುತ್ತದೆ. ರೋಗಿ ಕೆಮ್ಮಿದಾಗ ಬಟ್ಟಲು ತುಂಬುವಷ್ಟು ಕಫ ಬರುತ್ತದೆ, ಕೋಣೆಯಲ್ಲಿ ನಿಲ್ಲಲಾಗದ ದುರ್ಗಂಧ. ಮನೆಯವರು ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಾರೆ, ರೋಗಿ ನಾಚಿ ಗೋಡೆಯ ಕಡೆ ತಿರುಗುತ್ತಾನೆ. ವೈದ್ಯರಿಗೆ ಮಾತ್ರ ಆ ದುರ್ಗಂಧದಲ್ಲಿ ಒಂದು ಸಮಾಧಾನ: ಒಳಗಿನದಕ್ಕೆ ದಾರಿ ಸಿಕ್ಕಿತು. ಎಕ್ಸ್-ರೇಯಲ್ಲಿ ಪೊಳ್ಳಿನೊಳಗೆ ಅರ್ಧ ಗಾಳಿ, ಅರ್ಧ ದ್ರವ, ನಡುವೆ ನೇರವಾದ ಗೆರೆ. ಪ್ರತಿಜೀವಕಗಳು ಬರುವ ಮುನ್ನ ಈ ರೋಗ ಬಂದವರಲ್ಲಿ ಸುಮಾರು ಮೂರನೆಯ ಒಂದು ಪಾಲು ಜನ ಸಾಯುತ್ತಿದ್ದರು, ಇನ್ನೊಂದು ಪಾಲು ದೀರ್ಘರೋಗಿಗಳಾಗುತ್ತಿದ್ದರು. ಇಂದು ವಾರಗಟ್ಟಲೆ ಔಷಧ, ಕೀವು ತಾನೇ ಇಳಿದು ಬರುವಂತೆ ಮಲಗಿಸುವ ಭಂಗಿ, ಇಷ್ಟರಲ್ಲೇ ಹತ್ತರಲ್ಲಿ ಎಂಟೊಂಬತ್ತು ಮಂದಿ ಗುಣವಾಗುತ್ತಾರೆ. ಎದೆಯ ಗೋಡೆಯ ಮೂಲಕ ನಳಿಕೆ ಇಳಿಸಬೇಕಾಗುವುದು ಉಳಿದ ಒಬ್ಬಿಬ್ಬರಿಗೆ.

ಪ್ರಾಚೀನ ಗ್ರೀಸಿನಲ್ಲಿ ಹಿಪೊಕ್ರಟಿಸನ ಹೆಸರಿನಲ್ಲಿ ಉಳಿದು ಬಂದ ವೈದ್ಯಗ್ರಂಥಗಳು ಎದೆಗೂಡಿನಲ್ಲಿ, ಆ ಎರಡು ಪೊರೆಗಳ ನಡುವೆ ನಿಂತ ಕೀವಿನ ಬಗ್ಗೆ ಬಹು ಸಾವಧಾನವಾಗಿ ಮಾತಾಡುತ್ತವೆ. ರೋಗಿಯನ್ನು ಅಲುಗದ ಪೀಠದ ಮೇಲೆ ಕೂರಿಸು. ಒಬ್ಬ ಅವನ ಕೈಗಳನ್ನು ಹಿಡಿದುಕೊಳ್ಳಲಿ. ನೀನು ಭುಜ ಹಿಡಿದು ಅಲುಗಿಸಿ, ಯಾವ ಪಕ್ಕೆಯಲ್ಲಿ ದ್ರವ ತುಳುಕುವ ಸದ್ದು ಬರುತ್ತದೆಂದು ಕಿವಿಗೊಡು. ಇನ್ನೂ ಒಂದು ಉಪಾಯವಿತ್ತು. ಎರೆಟ್ರಿಯಾ ಎಂಬ ಊರಿನ ನುಣ್ಣನೆಯ ಮಣ್ಣನ್ನು ಬೆಚ್ಚಗೆ ಕಲಸಿ, ಅದರಲ್ಲಿ ತೆಳುಬಟ್ಟೆಯನ್ನು ಅದ್ದಿ ಎದೆಗೆ ಸುತ್ತುತ್ತಿದ್ದರು. ಬಟ್ಟೆ ಎಲ್ಲಿ ಮೊದಲು ಒಣಗುತ್ತದೋ ಅಲ್ಲಿ ಒಳಗಿನ ತಾಪ ಹೆಚ್ಚು. ಕೊಯ್ಯಬೇಕಾದ ಸ್ಥಳ ಅದೇ. ಇಂದಿನ ಅಲ್ಟ್ರಾಸೌಂಡ್ ಯಂತ್ರದ ಮುಂದೆ ಈ ಹಸಿಮಣ್ಣು ನಗು ತರಿಸಬಹುದು. ಆದರೂ ಕತ್ತಿ ಎತ್ತುವ ಮೊದಲು ಕುಳಿತು, ಮಣ್ಣು ಒಣಗುವುದನ್ನು ನೋಡುತ್ತ ಕಾಯುವ ಆ ವೈದ್ಯನ ಸಹನೆಗೆ ತಲೆಬಾಗಬೇಕೆನಿಸುತ್ತದೆ. ನಮ್ಮ ಸಂಕಟ ಎಲ್ಲಿದೆಯೆಂದು ಹೇಳಲು ನಮಗೇ ಬಾರದಿರುವಾಗ, ಹಾಗೆ ಕಾದು ನೋಡುವವರು ಎಷ್ಟು ಮಂದಿ ಸಿಕ್ಕಾರು?

ಕೊಯ್ದ ಮೇಲಿನ ವಿಧಿ ಇನ್ನೂ ಗಹನ. ಕೀವನ್ನೆಲ್ಲ ಒಮ್ಮೆಗೇ ಹರಿಯಬಿಡಬಾರದು. ಮೊದಲ ದಿನ ತಕ್ಕಷ್ಟು ತೆಗೆದು, ದಾರ ಕಟ್ಟಿದ ನಾರುಬಟ್ಟೆಯ ಬತ್ತಿಯಿಂದ ರಂಧ್ರವನ್ನು ಮುಚ್ಚಬೇಕು. ಪ್ರತಿದಿನವೂ ತುಸುತುಸುವೇ ಬಿಡಬೇಕು. ಹತ್ತನೆಯ ದಿನ ಉಳಿದದ್ದನ್ನೆಲ್ಲ ತೆಗೆದು, ಬೆಚ್ಚಗಿನ ದ್ರಾಕ್ಷಾರಸ ಮತ್ತು ಎಣ್ಣೆಯಿಂದ ಒಳಗನ್ನು ತೊಳೆಯಬೇಕು. ಬರುವ ದ್ರವ ನೀರಿನಷ್ಟು ತಿಳಿಯಾದಾಗ ತವರದ ಪೊಳ್ಳು ನಳಿಕೆಯನ್ನು ಇಡಬೇಕು. ಒಳಗು ಒಣಗುತ್ತ ಬಂದಂತೆ ನಳಿಕೆಯನ್ನು ಸ್ವಲ್ಪಸ್ವಲ್ಪವೇ ಮೊಟಕುಗೊಳಿಸಬೇಕು. ಒಮ್ಮೆಗೇ ಹರಿದರೆ ರೋಗಿ ಬದುಕುವುದಿಲ್ಲವೆಂದು ಆ ಪರಂಪರೆಯ ಸೂತ್ರವೊಂದು ಎಚ್ಚರಿಸುತ್ತದೆ.

ನಮ್ಮ ಸುಶ್ರುತ ಸಂಹಿತೆಯಲ್ಲಿ ಜಲೋದರದ ಚಿಕಿತ್ಸೆಯನ್ನು ಹೇಳುವ ಭಾಗ ಬೇರೆ ಅಂಗದ ಮಾತು, ಎದೆಯದಲ್ಲ, ಹೊಟ್ಟೆಯದು. ಆದರೂ ಅಲ್ಲಿಯ ಸಂಯಮ ಇದೇ. ಆಪ್ತರು ರೋಗಿಯನ್ನು ಹಿಡಿದುಕೊಂಡಿರಬೇಕು. ಹೊಕ್ಕುಳಿನ ಕೆಳಗೆ, ಎಡಕ್ಕೆ ಸರಿದು, ವ್ರೀಹಿಮುಖವೆಂಬ ಶಸ್ತ್ರದಿಂದ ಚುಚ್ಚಬೇಕು. ಬತ್ತದ ಕಾಳಿನ ತುದಿಯಷ್ಟು ಚೂಪಾದ ಶಸ್ತ್ರ ಅದು. ತವರ ಮೊದಲಾದ ಲೋಹದ ನಳಿಕೆಯನ್ನೋ ಹಕ್ಕಿಯ ಗರಿಯ ಪೊಳ್ಳು ದಂಟನ್ನೋ ಇಳಿಸಿ ದ್ರವವನ್ನು ತೆಗೆಯಬೇಕು. ಒಂದೇ ದಿನದಲ್ಲಿ ಎಲ್ಲವನ್ನೂ ತೆಗೆಯಕೂಡದು, ಹಾಗೆ ಮಾಡಿದರೆ ಬಾಯಾರಿಕೆ, ಜ್ವರ, ಮೈನೋವು, ಉಸಿರಿನ ಕಷ್ಟ ಬಂದಾವು. ನಡುವೆ ದಿನಗಳ ಅಂತರವಿಟ್ಟು, ಕ್ರಮೇಣ ತೆಗೆಯಬೇಕು. ಪ್ರತಿ ಸಲವೂ ಬರಿದಾದ ಹೊಟ್ಟೆಯನ್ನು ಉಣ್ಣೆ, ರೇಷ್ಮೆ ಇಲ್ಲವೇ ಚರ್ಮದಿಂದ ಬಿಗಿಯಾಗಿ ಸುತ್ತಬೇಕು. ಕಡಲಿನ ಆಚೀಚೆಯ ಎರಡು ನಾಡುಗಳು, ಎರಡು ಭಾಷೆಗಳು. ಕೈಯಲ್ಲಿ ಮಾತ್ರ ಅದೇ ತವರದ ನಳಿಕೆ, ಬಾಯಲ್ಲಿ ಅದೇ 'ನಿಧಾನ'. ತುಂಬಿದ ಕೆರೆಯನ್ನು ಬಲ್ಲ ನಮ್ಮ ಹಳ್ಳಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೂಬು ಎತ್ತಿದರೆ ನೀರು ಗದ್ದೆಗೆ ಹೋಗುತ್ತದೆ. ಏರಿ ಒಡೆದರೆ ಅದೇ ನೀರು ಊರಿಗೆ ನುಗ್ಗುತ್ತದೆ.

ಆಧುನಿಕ ವೈದ್ಯವೂ ತನ್ನ ದಾರಿಯಲ್ಲಿ ಇಲ್ಲಿಗೇ ಬಂದು ಮುಟ್ಟಿತು. ಎದೆಗೂಡಿನಲ್ಲಿ ಬಹುದಿನಗಳಿಂದ ನಿಂತ ದ್ರವವನ್ನು ತೆಗೆಯುವಾಗ ಲೀಟರು, ಒಂದೂವರೆ ಲೀಟರು ಆದೊಡನೆ ನಳಿಕೆಗೆ ಕ್ಲ್ಯಾಂಪು ಬೀಳುತ್ತದೆ. ಒತ್ತಿ ಮುದುಡಿದ್ದ ಶ್ವಾಸಕೋಶ ಹಠಾತ್ತನೆ ಬಿಡುಗಡೆಯಾಗಿ ಅರಳಿದರೆ, ಅದರ ಸೂಕ್ಷ್ಮ ರಕ್ತನಾಳಗಳು ಸೋರಿ ಒಳಗೆಲ್ಲ ನೀರು ತುಂಬಿಕೊಳ್ಳಬಹುದು. ರೋಗಿಯ ಬಂಧುಗಳಿಗೆ ಇದು ವಿಚಿತ್ರವಾಗಿ ತೋರುತ್ತದೆ. 'ಹೇಗೂ ಬರ್ತಾ ಇದೆಯಲ್ಲ ಡಾಕ್ಟ್ರೇ, ಪೂರ್ತಿ ತೆಗೆದುಬಿಡಿ' ಎನ್ನುತ್ತಾರೆ. ಆ ಮಾತಿನಲ್ಲಿ ತಪ್ಪೇನೂ ಇಲ್ಲ, ಪ್ರೀತಿ ಸದಾ ಪೂರ್ತಿಯನ್ನೇ ಕೇಳುತ್ತದೆ. ಬಿಡುಗಡೆಯೂ ಒಂದು ಆಘಾತವಾಗಬಲ್ಲದು ಎಂಬುದು ನಮಗೆ ಸುಲಭವಾಗಿ ಹೊಳೆಯುವುದಿಲ್ಲ. ವರ್ಷಗಟ್ಟಲೆ ಹೇಳದೆ ಇಟ್ಟ ಮಾತನ್ನು ಒಂದೇ ಸಂಜೆಯಲ್ಲಿ ಹೇಳಿ ಮುಗಿಸಿ, ಮರುದಿನ ಹಗುರಾಗುವ ಬದಲು ಕುಸಿದು ಕುಳಿತವರು ನಮ್ಮ ನಡುವೆ ಇದ್ದಾರೆ. ಅವರು ಹೇಳಿದ್ದು ತಪ್ಪಲ್ಲ. ಒತ್ತಡಕ್ಕೆ ಒಗ್ಗಿಹೋದ ಎದೆಗೆ ಹೊಸ ಹರವನ್ನು ತಾಳಲು ಕೊಂಚ ಕಾಲ ಬೇಕಿತ್ತು.

1918ರಲ್ಲಿ ಈ ಪಾಠವನ್ನು ಜಗತ್ತು ದೊಡ್ಡ ಬೆಲೆ ತೆತ್ತು ಕಲಿಯಿತು. ಮೊದಲನೆಯ ಮಹಾಯುದ್ಧದ ಕಾಲ. ಅಮೆರಿಕದ ಸೇನಾ ಶಿಬಿರಗಳಲ್ಲಿ ದಡಾರ, ಇನ್‌ಫ್ಲುಯೆಂಜಾಗಳ ಬೆನ್ನಿಗೆ ನ್ಯೂಮೋನಿಯ, ಅದರ ಬೆನ್ನಿಗೆ ಎದೆಗೂಡಿನಲ್ಲಿ ಕೀವು. ಎಳೆಯ ಸೈನಿಕರು. ಶಸ್ತ್ರವೈದ್ಯರು ಅಂದಿನ ಪದ್ಧತಿಯಂತೆ ಕೂಡಲೇ ಪಕ್ಕೆಲುಬಿನ ತುಣುಕನ್ನು ತೆಗೆದು ಎದೆಯನ್ನು ತೆರೆದರು. ಸರಾಸರಿ ನೂರರಲ್ಲಿ ಮೂವತ್ತು ಮಂದಿ ತೀರಿಕೊಂಡರು. ಕಾರಣ ಹುಡುಕಲು ಒಂದು ಆಯೋಗವೇ ನೇಮಕವಾಯಿತು. ವರ್ಜೀನಿಯಾದ ಕ್ಯಾಂಪ್ ಲೀ ಶಿಬಿರದಲ್ಲಿ ಇವಾರ್ಟ್ಸ್ ಗ್ರಹಾಂ ಮತ್ತು ಸಂಗಡಿಗರು ಕಂಡುಕೊಂಡದ್ದು ಇದು: ರೋಗದ ಆರಂಭದಲ್ಲಿ ಕೀವು ಇನ್ನೂ ನೀರಾಗಿರುತ್ತದೆ, ಶ್ವಾಸಕೋಶ ಎದೆಗೋಡೆಗೆ ಎಲ್ಲಿಯೂ ಅಂಟಿರುವುದಿಲ್ಲ. ಆಗ ತೆರೆದರೆ ನುಗ್ಗುವ ಗಾಳಿಯೇ, ನ್ಯೂಮೋನಿಯದಿಂದ ದಣಿದ ದೇಹವನ್ನು ಕೊಲ್ಲುತ್ತದೆ. ಅವರು ತಡೆದರು. ಸೂಜಿಯಿಂದ ಆಗಾಗ ಹೀರಿ ತೆಗೆಯುತ್ತ, ಕೀವು ಗಟ್ಟಿಯಾಗಿ ಸುತ್ತ ಅಂಟು ಬಲಿಯುವವರೆಗೆ ಕಾದರು. ಸಾವು ನೂರಕ್ಕೆ ಐದಕ್ಕಿಂತ ಕೆಳಗಿಳಿಯಿತು. ಮೊದಲು ತೆರೆದ ಕೈಗಳಲ್ಲಿ ಕ್ರೌರ್ಯವಿರಲಿಲ್ಲ, ಉದಾಸೀನವಿರಲಿಲ್ಲ. ಅಲ್ಲಿದ್ದದ್ದು ಆತುರದ ಕರುಣೆ. ನಮ್ಮಲ್ಲಿ ಯಾರು ಇದ್ದರೂ ಹಾಗೆಯೇ ಮಾಡುತ್ತಿದ್ದೆವೇನೋ. ಹಣ್ಣಾಗದ ವ್ರಣವನ್ನು ಕೊಯ್ಯುವವನನ್ನೂ ಹಣ್ಣಾದದ್ದನ್ನು ಉಪೇಕ್ಷಿಸುವವನನ್ನೂ ಸುಶ್ರುತ ಒಂದೇ ತಕ್ಕಡಿಯಲ್ಲಿ ತೂಗಿದ್ದಾನೆ. ಎರಡು ಅಂಚುಗಳ ನಡುವಿನ ಆ ಕಾಲವನ್ನು ಗುರುತಿಸುವುದು ಯಾವ ಯುಗದಲ್ಲಿಯೂ ಸುಲಭವಾಗಿರಲಿಲ್ಲ. (ಇದೇ ಗ್ರಹಾಂ ಮುಂದೆ, 1950ರಲ್ಲಿ, ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಅರ್ನ್‌ಸ್ಟ್ ವಿಂಡರ್ ಜತೆಗೂಡಿ ತೋರಿಸಿದ. ತಾನು ದೀರ್ಘಕಾಲ ಸೇದಿದವನು, ಬಿಟ್ಟದ್ದು ತಡವಾಗಿ. 1957ರಲ್ಲಿ ಅದೇ ಕ್ಯಾನ್ಸರಿನಿಂದ ತೀರಿಕೊಂಡ. ಅರಿವು ಮುಂದೆ ಹೋಗಿರುತ್ತದೆ, ಅಭ್ಯಾಸ ಹಿಂದೆ ಉಳಿದಿರುತ್ತದೆ. ಈ ವಿಷಯದಲ್ಲಿ ನಾವೆಲ್ಲ ಒಂದೇ ಕುಲದವರು.)

ಮಂಚದ ಕೆಳಗಿನ ನೀರಿನ ಕಾವಲು ಮಾತ್ರ 1918ಕ್ಕೂ ಹಳೆಯದು. ಜರ್ಮನಿಯ ಹ್ಯಾಂಬರ್ಗ್ ನಗರದ ವೈದ್ಯ ಗಾಟ್‌ಹಾರ್ಡ್ ಬ್ಯೂಲಾವ್ 1875ರಲ್ಲಿಯೇ ಎದೆಗೆ ನಳಿಕೆ ಹಾಕಿ ಅದರ ಇನ್ನೊಂದು ತುದಿಯನ್ನು ದ್ರವದಲ್ಲಿ ಮುಳುಗಿಸಿ ಇಟ್ಟಿದ್ದ. ಅದನ್ನು ಬರೆದು ಪ್ರಕಟಿಸಿದ್ದು 1891ರಲ್ಲಿ. ಇಷ್ಟು ಸರಳವಾದದ್ದನ್ನು ಜಗತ್ತು ಬೇಗ ನಂಬಲಿಲ್ಲ. ಸರಳತೆಯ ಪಾಡೇ ಅದು.

ಎದೆಗೂಡಿನ ಪೊರೆಗಳ ನಡುವೆ ನಿಂತ ಕೀವಿನ ಕಥೆ ಇದಾದರೆ, ಶ್ವಾಸಕೋಶದ ಒಡಲೊಳಗೇ ಹುದುಗಿದ ಕುರುವಿನದು ಇನ್ನೂ ಸೂಕ್ಷ್ಮ. ಅಲ್ಲಿಗೆ ತಲುಪಬೇಕಾದರೆ ಎದೆಗೋಡೆಯನ್ನು ದಾಟಬೇಕು, ಎರಡು ಪೊರೆಗಳ ನಡುವಿನ ನಿರ್ಮಲ ಸ್ಥಳವನ್ನು ದಾಟಬೇಕು, ಆಮೇಲೆ ಕುರು. ದಾರಿಯಲ್ಲಿ ಒಂದು ತೊಟ್ಟು ಕೀವು ಆ ನಿರ್ಮಲ ಸ್ಥಳಕ್ಕೆ ಬಿದ್ದರೂ ಎದೆಗೂಡೆಲ್ಲ ಕೆಡಬಹುದು. ಈ ಇಕ್ಕಟ್ಟಿಗೆ ಉತ್ತರವನ್ನು ದೇಹವೇ ಬರೆದಿಟ್ಟಿತ್ತು. ಕುರು ಶ್ವಾಸಕೋಶದ ಅಂಚಿನವರೆಗೆ ಬೆಳೆದಾಗ, ಅಲ್ಲಿ ಮೇಲಿನ ಪೊರೆಗಳೆರಡೂ ಉರಿಯೂತದಿಂದ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆ ಒಂದು ಮಚ್ಚೆಯಷ್ಟು ಜಾಗದಲ್ಲಿ ಎದೆಗೋಡೆ, ಪೊರೆ, ಶ್ವಾಸಕೋಶ ಎಲ್ಲ ಒಂದು. ಅಲ್ಲಿಯೇ ಕೊಯ್ದರೆ ಕೀವು ಬೇರೆಲ್ಲಿಗೂ ಚೆಲ್ಲದು. ನ್ಯೂಯಾರ್ಕಿನ ಹೆರಾಲ್ಡ್ ನ್ಯೂಹಾಫ್ ಮತ್ತು ಆರ್ಥರ್ ಟೂರಾಫ್ 1930ರ ದಶಕದಲ್ಲಿ ತಮ್ಮ ಶಸ್ತ್ರಕ್ರಿಯೆಯನ್ನು ನೆಲೆಗೊಳಿಸಿದ್ದು ಈ ಅಂಟಿನ ಮೇಲೆ. ಅಂಟು ಇನ್ನೂ ಕೂಡಿಲ್ಲವೆಂದು ಕಂಡಾಗ ಶಸ್ತ್ರವೈದ್ಯರು ಎರಡು ಹಂತಗಳಲ್ಲಿ ಕೆಲಸ ಮಾಡುತ್ತಿದ್ದರು. ಮೊದಲ ದಿನ ಪೊರೆಯವರೆಗೆ ಮಾತ್ರ ಹೋಗಿ, ಅಲ್ಲಿ ಜಾಳುಬಟ್ಟೆಯನ್ನು ಒತ್ತಿಟ್ಟು ಹಿಂದೆ ಸರಿಯುವುದು. ಆ ಒತ್ತಡಕ್ಕೆ ಪೊರೆಗಳು ಕೆರಳಿ ಅಂಟಿಕೊಳ್ಳಲು ಕೆಲವು ದಿನ ಬಿಡುವುದು. ಆಮೇಲೆ ಕುರುವನ್ನು ತೆರೆಯುವುದು. ಬೆಸೆದ ಮೇಲೆ ಬಿಡಿಸಿದರು.

ಇಲ್ಲಿ ಕೊಂಚ ನಿಲ್ಲಬೇಕೆನಿಸುತ್ತದೆ. ನಮಗೆ ಅಂಟು ಎಂದರೆ ಬಂಧನ, ಬಂಧನವೆಂದರೆ ದೋಷ. ಎದೆಯೊಳಗಿನ ಅಂಟನ್ನು ನೋಡಿದ ವೈದ್ಯನಿಗೆ ಅದು ದಾರಿ. ನೋವು ಬಹುಕಾಲ ಒತ್ತಿದ ಎಡೆಯಲ್ಲಿ ಒಳಗೂ ಹೊರಗೂ ಹೇಗೋ ಕೂಡಿಕೊಂಡಿವೆ. ಹೊರಬರುವುದಾದರೆ ಅಲ್ಲಿಂದ ಮಾತ್ರ ಕ್ಷೇಮ. ನಮ್ಮ ಮನದ ಕಹಿಯನ್ನು ನಾವು ಎಲ್ಲೆಲ್ಲಿಯೋ ಚೆಲ್ಲುತ್ತೇವೆ. ಬಸ್ಸಿನಲ್ಲಿ ಪಕ್ಕ ಕುಳಿತ ಅಪರಿಚಿತನ ಮೇಲೆ, ತರಕಾರಿ ತೂಗುವ ಹೆಂಗಸಿನ ಮೇಲೆ, ಹೋಮ್‌ವರ್ಕ್ ಮುಗಿಸದ ಮಗುವಿನ ಮೇಲೆ. ಅವರಿಗೂ ಆ ಕಹಿಗೂ ಯಾವ ಬೆಸುಗೆಯೂ ಇಲ್ಲ. ಅದು ನಿರ್ಮಲವಾದ ಸ್ಥಳಕ್ಕೆ ಬಿದ್ದು ಅಲ್ಲಿಯೂ ಹುಣ್ಣಾಗುತ್ತದೆ. ಯಾರೊಡನೆ ಬದುಕು ಅಂಟಿಕೊಂಡಿದೆಯೋ, ಯಾರೊಡನೆ ನೋವೇ ಒಂದು ಬೆಸುಗೆಯನ್ನು ಹಾಕಿದೆಯೋ ಅವರ ಮುಂದೆ ಆಡುವುದು ಕಷ್ಟ. ಕಷ್ಟವಾದ್ದರಿಂದಲೇ ಸುಲಭದ ದಿಕ್ಕಿಗೆ ಚೆಲ್ಲುತ್ತೇವೆ. ಇದು ದುಷ್ಟತನವಲ್ಲ, ದಾರಿ ಅರಿಯದವರ ದಣಿವು.

1938ರಲ್ಲಿ ರೋಮಿನ ವಿನ್ಚೆಂಜೊ ಮೊನಾಲ್ದಿ ಕ್ಷಯರೋಗದ ಪೊಳ್ಳುಗಳಿಗೂ ಇದೇ ದಾರಿ ಹಿಡಿದ. ಎದೆಗೋಡೆಯ ಮೂಲಕ ಸಪೂರವಾದ ನಳಿಕೆಯನ್ನು ಪೊಳ್ಳಿನೊಳಗೆ ಇಳಿಸಿ, ಮೆಲ್ಲಗೆ, ಎಡೆಬಿಡದೆ ಹೀರುತ್ತಿದ್ದ. ಅವನಿಗೂ ಪೊರೆಗಳು ಮೊದಲೇ ಅಂಟಿರಬೇಕಿತ್ತು. ವಾರಗಳು, ಕೆಲವೊಮ್ಮೆ ತಿಂಗಳುಗಳು. ಕ್ಷಯಕ್ಕೆ ಔಷಧಗಳು ಬಂದ ಮೇಲೆ ಆ ಉಪಯೋಗ ಹಿಂದೆ ಸರಿಯಿತು, ಆದರೆ ವಿಧಾನ ಉಳಿಯಿತು. ಗಾಳಿ ತುಂಬಿ ಹಿಗ್ಗಿ, ಪಕ್ಕದ ಒಳ್ಳೆಯ ಶ್ವಾಸಕೋಶವನ್ನು ಅದುಮುವ ದೊಡ್ಡ ಗುಳ್ಳೆಗಳನ್ನು ಇಳಿಸಲು ಲಂಡನ್ನಿನ ಬ್ರಾಂಪ್ಟನ್ ಆಸ್ಪತ್ರೆಯ ಶಸ್ತ್ರವೈದ್ಯರು ಅದನ್ನು ಮಾರ್ಪಡಿಸಿ ಬಳಸಿದರು.

ತುಂಬಿದ್ದನ್ನೆಲ್ಲ ಚುಚ್ಚಬೇಕೆಂದಲ್ಲ. ಕುರಿ ಮತ್ತು ನಾಯಿಗಳ ನಡುವೆ ಬಾಳುವ ಒಂದು ಲಾಡಿಹುಳುವಿನ ಮೊಟ್ಟೆ ಮನುಷ್ಯನ ಹೊಟ್ಟೆ ಸೇರಿದರೆ, ಶ್ವಾಸಕೋಶದಲ್ಲಿ ದ್ರವ ತುಂಬಿದ ಚೀಲವೊಂದು ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯಬಹುದು. ಹೈಡಾಟಿಡ್ ಎಂಬ ಆ ಚೀಲದೊಳಗಿನ ದ್ರವ ಸ್ಫಟಿಕದಷ್ಟು ತಿಳಿ. ಆದರೆ ಅದು ಎದೆಗೂಡಿನಲ್ಲಿ ಚೆಲ್ಲಿದರೆ ದೇಹ ತೀವ್ರವಾಗಿ ಕೆರಳಿ ಪ್ರಾಣಕ್ಕೇ ಸಂಚಕಾರ ಬರಬಹುದು, ಚೆಲ್ಲಿದ ಕಡೆಯಲ್ಲೆಲ್ಲ ಹೊಸ ಚೀಲಗಳು ಹುಟ್ಟಬಹುದು. ದುರ್ಗಂಧದ ಕೀವನ್ನು ನಳಿಕೆಯಿಂದ ಬಿಡುವ ಕೈ, ತಿಳಿನೀರಿನ ಈ ಚೀಲದ ಮುಂದೆ ಸೂಜಿಯನ್ನು ಕೆಳಗಿಟ್ಟು, ಸುತ್ತ ಬಟ್ಟೆ ಹಾಸಿ ಜೋಪಾನವಾಗಿ ಕೆಲಸ ಮಾಡುವ ಶಸ್ತ್ರವೈದ್ಯನಿಗಾಗಿ ಕಾಯುತ್ತದೆ.

ನಳಿಕೆ ಹಾಕುವ ಕ್ರಿಯೆಯನ್ನು ಹತ್ತಿರದಿಂದ ನೋಡಿದರೆ ಅದರಲ್ಲಿ ರಭಸಕ್ಕೆ ಎಡೆಯೇ ಇಲ್ಲ. ಸ್ಕ್ಯಾನ್ ನೋಡಿ ಚರ್ಮದ ಮೇಲೆ ಪೆನ್ನಿನ ಗುರುತು. ಮರಗಟ್ಟಿಸುವ ಇಂಜೆಕ್ಷನ್. ಎರಡು ಪಕ್ಕೆಲುಬುಗಳ ನಡುವೆ, ಕೆಳಗಿನ ಎಲುಬಿನ ಮೇಲಂಚನ್ನು ಸವರಿಕೊಂಡೇ ಒಳಗೆ ಹೋಗಬೇಕು. ಏಕೆಂದರೆ ಪ್ರತಿ ಎಲುಬಿನ ಕೆಳಂಚಿನ ಮರೆಯಲ್ಲಿ ಒಂದು ಅಭಿಧಮನಿ, ಒಂದು ಧಮನಿ, ಒಂದು ನರ ಜತೆಯಾಗಿ ಸಾಗುತ್ತವೆ. ಎಲುಬು ತನ್ನ ಮೃದುವಾದದ್ದನ್ನು ಅಡಿಯಲ್ಲಿ ಅಡಗಿಸಿಕೊಂಡಿದೆ. ಬಲ್ಲವರು ಆ ಕಡೆ ಹೋಗುವುದಿಲ್ಲ. 'ಒತ್ತಿದ ಹಾಗೆ ಆಗುತ್ತೆ, ನೋವಾದರೆ ಹೇಳಿ' ಎಂಬ ಮಾತು. ಆಮೇಲೆ ನಳಿಕೆಯನ್ನು ಚರ್ಮಕ್ಕೆ ಹೊಲಿದು ನಿಲ್ಲಿಸುತ್ತಾರೆ. ರೋಗಿ ಶೌಚಕ್ಕೆ ಎದ್ದಾಗ ಬಾಟಲಿಯೂ ಜತೆಗೆ ಹೋಗುತ್ತದೆ. 'ಎದೆಗಿಂತ ಮೇಲೆ ಎತ್ತಬೇಡಿ' ಎಂದು ಸಿಸ್ಟರ್ ದಿನಕ್ಕೆ ಹತ್ತು ಸಲ ಹೇಳುತ್ತಾರೆ. ಎತ್ತಿದರೆ ಹೊರಬಂದದ್ದು ಮರಳಿ ಒಳಗಿಳಿಯುತ್ತದೆ. ಹೊರಹಾಕಿದ್ದನ್ನು ಮತ್ತೆ ಎತ್ತಿ ನೋಡುವ ಚಪಲ ನಮ್ಮ ಮನಸ್ಸಿಗೂ ಇದೆ. ಅದನ್ನು ತಡೆಯಲು ಸಿಸ್ಟರ್ ಒಬ್ಬರು ಇಲ್ಲದಿರುವುದು ನಮ್ಮ ದುರದೃಷ್ಟ.

ಕೆಲವು ದಿನಗಳ ಮೇಲೆ ಬಾಟಲಿಯ ನಳಿಕೆಯಲ್ಲಿ ನೀರಿನ ಏರಿಳಿತ ನಿಲ್ಲುತ್ತದೆ. ಇದಕ್ಕೆ ಎರಡು ಅರ್ಥಗಳಿವೆ. ಶ್ವಾಸಕೋಶ ಪೂರ್ತಿ ಅರಳಿ ಖಾಲಿ ಜಾಗವನ್ನು ತುಂಬಿರಬಹುದು. ಇಲ್ಲವೇ ನಳಿಕೆಯಲ್ಲಿ ಗಷ್ಟು ಕಟ್ಟಿ ದಾರಿ ಮುಚ್ಚಿರಬಹುದು. ಗುಣವಾದ ಶಾಂತಿ, ಕಟ್ಟಿಹೋದ ಶಾಂತಿ, ಎರಡೂ ಹೊರಗಿನಿಂದ ನೋಡಲು ಒಂದೇ. ಅನುಭವಿ ವೈದ್ಯರೂ ಬರಿಗಣ್ಣಿನಲ್ಲಿ ತೀರ್ಪು ಕೊಡುವುದಿಲ್ಲ. ನಳಿಕೆಯನ್ನು ಮೇಲಿನಿಂದ ಕೆಳಗಿನವರೆಗೆ ಪರೀಕ್ಷಿಸುತ್ತಾರೆ. 'ಎಲ್ಲಿ, ಒಂದ್ಸಲ ಜೋರಾಗಿ ಕೆಮ್ಮಿ' ಎನ್ನುತ್ತಾರೆ. ಬೆನ್ನಿಗೆ ಸ್ಟೆತಾಸ್ಕೋಪು ಇಟ್ಟು ಎರಡೂ ಪಕ್ಕಗಳ ಉಸಿರನ್ನು ಹೋಲಿಸುತ್ತಾರೆ. ಆದರೂ ಎಕ್ಸ್-ರೇ ಬರೆಯುತ್ತಾರೆ. ಮನೆಯಲ್ಲಿ ಯಾರೋ ಒಬ್ಬರು ಈಚೆಗೆ ಯಾವುದಕ್ಕೂ ಎದುರಾಡುವುದಿಲ್ಲ, ದೂರುವುದಿಲ್ಲ ಎಂದು ನಾವು ನೆಮ್ಮದಿ ಪಡುತ್ತಿರುತ್ತೇವಲ್ಲ, ಆ ಮೌನವನ್ನು ಇಷ್ಟು ಶ್ರದ್ಧೆಯಿಂದ ಪರೀಕ್ಷಿಸಿದ್ದೇವೆಯೇ?

ಕೀವು ಹೋದರೆ ಅರ್ಧ ಕೆಲಸ ಮಾತ್ರ ಆಯಿತು. ಖಾಲಿಯಾದ ಪೊಳ್ಳು ಪೊಳ್ಳಾಗಿಯೇ ಉಳಿದರೆ ಮತ್ತೆ ಅಲ್ಲಿ ಕೊಳೆ ಸೇರುತ್ತದೆ. ಗ್ರಹಾಂ ಇದ್ದ ಆ ಆಯೋಗವೂ ಕೀವು ತೆಗೆಯುವ ಮಾತಿನೊಂದಿಗೆ ಇನ್ನೆರಡನ್ನು ಸೇರಿಸಿತ್ತು: ಪೊಳ್ಳು ಬೇಗ ಮುಚ್ಚಿಕೊಳ್ಳಬೇಕು, ರೋಗಿಗೆ ಪುಷ್ಟಿಯ ಆಹಾರ ಬೇಕು. ಆದ್ದರಿಂದ ಇಂದಿನ ವಾರ್ಡುಗಳಲ್ಲಿ ರೋಗಿಯ ಕೈಗೆ ಮೂರು ಚೆಂಡುಗಳ ಒಂದು ಪ್ಲಾಸ್ಟಿಕ್ ಸಾಧನ ಕೊಡುತ್ತಾರೆ. ಅದರ ಕೊಳವೆಯನ್ನು ಬಾಯಲ್ಲಿಟ್ಟು ಉಸಿರನ್ನು ಒಳಗೆಳೆದರೆ ಚೆಂಡುಗಳು ಮೇಲೇಳಬೇಕು. ಕೋಣೆಗಳ ಮೇಲೆ 600, 900, 1200 ಎಂದು ಬರೆದಿರುತ್ತದೆ. ಮೊದಲನೆಯದು ಬೇಗ ಏಳುತ್ತದೆ, ಎರಡನೆಯದು ಅರ್ಧಕ್ಕೆ ಬಂದು ನಡುಗುತ್ತದೆ, ಮೂರನೆಯದು ಅಲುಗುವುದಿಲ್ಲ. ಗಂಟೆಗೊಮ್ಮೆ ಮಾಡಿ ಎಂದಿರುತ್ತಾರೆ. ರೋಗಿ ಬೇಸರಪಟ್ಟು ಅದನ್ನು ದಿಂಬಿನ ಕೆಳಗೆ ತಳ್ಳಿರುತ್ತಾನೆ. ರೌಂಡ್ಸಿಗೆ ಬಂದ ಡಾಕ್ಟರು ಅದನ್ನು ಹೊರಗೆಳೆದು ಕೈಗಿಡುತ್ತಾರೆ, ಬೈಯುವುದಿಲ್ಲ. ಪಕ್ಕದಲ್ಲಿ ನಿಂತ ಹೆಂಡತಿಯ ಕಡೆ ತಿರುಗಿ, 'ಏನಮ್ಮಾ, ಇನ್ನೂ ಗಂಜೀನೇ ಕೊಡ್ತಿದ್ದೀರಾ? ಮೊಟ್ಟೆ ಕೊಡಿ, ಬೇಳೆ ಕೊಡಿ, ಮುದ್ದೆ ತಿನ್ನಲಿ' ಎನ್ನುತ್ತಾರೆ. ಆಕೆ 'ತಿನ್ನೋದೇ ಇಲ್ಲ ಸಾರ್' ಎಂದು ದೂರುತ್ತಾಳೆ. 'ಇನ್ನು ಮೇಲೆ ತಿಂತಾರೆ, ಜ್ವರ ಬಿಟ್ಟಿದೆಯಲ್ಲ' ಎಂದು ಅವರು ಕೇಸ್ ಶೀಟಿನಲ್ಲಿ ಏನೋ ಬರೆದು ಮುಂದಿನ ಮಂಚದ ಕಡೆ ಹೋಗುತ್ತಾರೆ.